ಹೊಗೆಗೆ ದಾರಿ ಬಿಡಿ: ಅಮೆರಿಕದ ಮನೆಯಲ್ಲಿ ಸೌದೆ ಮತ್ತು ಗ್ಯಾಸ್ ಫೈರ್‌ಪ್ಲೇಸ್ ನೋಡಿಕೊಳ್ಳುವುದು ಹೇಗೆ

ಮಲೆನಾಡಿನ ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲ ಒಲೆ ದಿನಾ ಉರಿಯುತ್ತಿತ್ತು. ಅದಕ್ಕೆ ಚಿಮಣಿ ಇರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲಿ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ತೊಲೆಗೆಲ್ಲ ಇಲ್ಲಣ ಕಟ್ಟುತ್ತಿತ್ತು. ಹಬ್ಬಕ್ಕೆ ಮುಂಚೆ ಉದ್ದನೆ ಕೋಲಿಗೆ ಪೊರಕೆ ಕಟ್ಟಿ ಅದನ್ನು ಹೊಡೆದು ತೆಗೆಯುತ್ತಿದ್ದರು. ಅಷ್ಟೇ ಆ ಒಲೆಯ ಆರೈಕೆ.

ಮಿಶಿಗನ್‌ನಲ್ಲಿ ನಾವು ಕೊಂಡ ಮನೆಯಲ್ಲಿ ಎರಡು ಫೈರ್‌ಪ್ಲೇಸ್ ಇದ್ದವು. ಫ್ಯಾಮಿಲಿ ರೂಮಿನಲ್ಲಿ ಇಟ್ಟಿಗೆಯ ಸೌದೆ ಒಲೆ, ಬೇಸ್‌ಮೆಂಟಿನಲ್ಲಿ ಗಾಜಿನ ಬಾಗಿಲಿನ ಗ್ಯಾಸ್ ಒಲೆ. ಮೊದಲ ಡಿಸೆಂಬರ್‌ನಲ್ಲಿ ಒಂದು ಸಂಜೆ ಸೌದೆ ಹಚ್ಚಿದೆ. ಬೆಂಕಿ ಚೆನ್ನಾಗಿಯೇ ಹತ್ತಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿತ್ತು, ಹೆಂಡತಿ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕಿದಳು. ಎರಡು ನಿಮಿಷದಲ್ಲಿ ಚಿಮಣಿಗೆ ಏರುತ್ತಿದ್ದ ಹೊಗೆ ತಿರುಗಿ ಕೋಣೆಗೆ ಇಳಿಯಿತು. ಮಗಳು ಕೆಮ್ಮತೊಡಗಿದಳು. ಅಲಾರಂ ಹೊಡೆದುಕೊಂಡಿತು. ಕೊರೆಯುವ ಚಳಿಯಲ್ಲಿ ಕಿಟಕಿ ಬಾಗಿಲೆಲ್ಲ ತೆಗೆದು ನಿಂತೆವು.

ಅಂದು ನನಗೆ ಒಂದು ವಿಷಯ ಅರ್ಥವಾಯಿತು. ಊರಿನ ಮನೆ ಹತ್ತು ಕಡೆಯಿಂದ ಉಸಿರಾಡುತ್ತದೆ. ಇಲ್ಲಿಯ ಮನೆ ಚಳಿಗೆ ಹೆದರಿ ಬಾಯಿ ಮುಚ್ಚಿಕೊಂಡಿರುತ್ತದೆ. ಕಿಟಕಿಗೆ ಎರಡು ಪದರ ಗಾಜು, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಗೋಡೆಯೊಳಗೆ ಇನ್ಸುಲೇಷನ್. ಫ್ಯಾನ್ ನಿಮಿಷಕ್ಕೆ ನೂರಾರು ಘನ ಅಡಿ ಗಾಳಿಯನ್ನು ಹೊರಗೆ ಎಳೆದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಎಲ್ಲಕ್ಕಿಂತ ದೊಡ್ಡ ಕಂಡಿ ಯಾವುದು? ಚಿಮಣಿಯೇ ಅಲ್ವಾ? ಹಾಗಾಗಿ ಫೈರ್‌ಪ್ಲೇಸ್ ನೋಡಿಕೊಳ್ಳುವುದು ಅಂದರೆ ಬೆಂಕಿಯನ್ನು ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ಹೊಗೆಯ ದಾರಿಯನ್ನು ನೋಡಿಕೊಳ್ಳುವುದು. ಮುಂದೆ ಬರುವ ಎಲ್ಲ ಕೆಲಸಗಳೂ ಇದಕ್ಕೇ ಸಂಬಂಧಿಸಿದವು.

ನಿಮ್ಮ ಮನೆಯಲ್ಲಿರುವುದು ಯಾವುದು?

ಮೊದಲು ಇದನ್ನು ತಿಳಿದುಕೊಳ್ಳಿ. ಸೌದೆಯದಾದರೆ ಎರಡು ಬಗೆ. ಇಟ್ಟಿಗೆ-ಕಲ್ಲಿನಲ್ಲಿ ಕಟ್ಟಿದ್ದು ಒಂದು. ಇದರ ಚಿಮಣಿಯೊಳಗೆ ಸಾಮಾನ್ಯವಾಗಿ ಸುಟ್ಟ ಮಣ್ಣಿನ ಕೊಳವೆ ಇರುತ್ತದೆ. ಇನ್ನೊಂದು ಕಾರ್ಖಾನೆಯಲ್ಲಿ ಮಾಡಿದ ತಗಡಿನ ಪೆಟ್ಟಿಗೆ. ಅದಕ್ಕೆ ಲೋಹದ ಕೊಳವೆ ಇರುತ್ತದೆ.

ಗ್ಯಾಸಿನದಾದರೆ ಮೂರು ಬಗೆ. ಮೊದಲನೆಯದು ಹಳೆಯ ಸೌದೆ ಒಲೆಯೊಳಗೇ ಗ್ಯಾಸ್ ಬರ್ನರ್ ಮತ್ತು ಸೆರಾಮಿಕ್ ಕೊರಡು ಕೂರಿಸಿದ್ದು. ಇದರ ಹೊಗೆ ಹಳೆಯ ಚಿಮಣಿಯಲ್ಲೇ ಹೋಗುತ್ತದೆ. ಎರಡನೆಯದು ಡೈರೆಕ್ಟ್ ವೆಂಟ್. ಮುಂದೆ ಭದ್ರವಾಗಿ ಮುಚ್ಚಿದ ಗಾಜು. ಹೊರಗಿನ ಗಾಳಿಯನ್ನೇ ಎಳೆದುಕೊಂಡು, ಸುಟ್ಟ ಗಾಳಿಯನ್ನು ಹೊರಗೇ ಬಿಡುತ್ತದೆ. ಮುಚ್ಚಿಕೊಂಡ ಮನೆಗೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೂರನೆಯದು ವೆಂಟ್-ಫ್ರೀ. ಚಿಮಣಿಯೇ ಇಲ್ಲ, ಸುಟ್ಟ ಗಾಳಿ ಕೋಣೆಯಲ್ಲೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ನಿಮ್ಮ ಮನೆಯಲ್ಲಿ ಇದ್ದರೆ ಸ್ವಲ್ಪ ಹೊತ್ತು ಮಾತ್ರ ಉರಿಸಿ, ಕಿಟಕಿ ಒಂದಿಷ್ಟು ತೆಗೆದಿಡಿ, ರಾತ್ರಿ ಮಲಗುವಾಗ ಖಂಡಿತ ಆರಿಸಿ.

ಯಾವುದೆಂದು ಗೊತ್ತಾಗದಿದ್ದರೆ ಕೆಳಗಿನ ತಗಡಿನ ಮುಚ್ಚಳ ತೆಗೆದು ನೋಡಿ. ಗ್ಯಾಸಿನದಾದರೆ ಅಲ್ಲಿ ಒಲೆಯ ಬಗೆ, ಮಾದರಿ ಬರೆದ ಲೋಹದ ಚೀಟಿ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕೈಪಿಡಿ ಹುಡುಕಲು, ರಿಪೇರಿಯವರಿಗೆ ಹೇಳಲು ಎರಡಕ್ಕೂ ಬೇಕಾಗುತ್ತದೆ.

ಗಣೇಶನ ಹಬ್ಬ ಮುಗಿದ ಕೂಡಲೇ ಫೋನ್ ಮಾಡಿ

ಚಿಮಣಿ ಗುಡಿಸುವವರನ್ನು ನವೆಂಬರ್‌ನಲ್ಲಿ ಹುಡುಕಿದರೆ ವಾರಗಟ್ಟಲೆ ಕಾಯಬೇಕು. ಆಗ ಊರಿಗೆಲ್ಲ ಒಟ್ಟಿಗೇ ಚಳಿ ನೆನಪಾಗಿರುತ್ತದೆ. ಸೆಪ್ಟೆಂಬರ್‌ನಲ್ಲೇ ಕರೆಸಿ.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 211ನೇ ಮಾನದಂಡ ಚಿಮಣಿ, ಫೈರ್‌ಪ್ಲೇಸ್, ಹೊಗೆ ಕೊಳವೆ ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎನ್ನುತ್ತದೆ. ಅದರಲ್ಲಿ ಮೂರು ಹಂತಗಳಿವೆ. ಮಾಮೂಲಿ ವರ್ಷದ ತಪಾಸಣೆ ಮೊದಲ ಹಂತ. ಮನೆ ಕೈ ಬದಲಾದಾಗ, ಚಿಮಣಿಗೆ ಬೆಂಕಿ ಹತ್ತಿದ ಮೇಲೆ, ಅಥವಾ ಸೌದೆಯಿಂದ ಗ್ಯಾಸಿಗೆ ಬದಲಾಯಿಸಿದಾಗ ಎರಡನೇ ಹಂತ ಬೇಕು. ಅದರಲ್ಲಿ ಕ್ಯಾಮೆರಾ ಇಳಿಬಿಟ್ಟು ಕೊಳವೆಯ ಒಳಗನ್ನು ನೋಡುತ್ತಾರೆ. ಮೂರನೆಯದರಲ್ಲಿ ಗೋಡೆ ಒಡೆದು ನೋಡಬೇಕಾಗಬಹುದು. ದೊಡ್ಡ ಅನುಮಾನ ಇದ್ದರೆ ಮಾತ್ರ ಅದು.

ಹೊಸದಾಗಿ ಮನೆ ಕೊಳ್ಳುವವರು ಇದನ್ನು ನೆನಪಿಡಿ. ಹೋಮ್ ಇನ್ಸ್‌ಪೆಕ್ಟರ್ ಟಾರ್ಚ್ ಬಿಟ್ಟು ನೋಡಿದ್ದು ಎರಡನೇ ಹಂತದ ತಪಾಸಣೆ ಅಲ್ಲ. ನಮ್ಮ ಮನೆಯ ವರದಿಯಲ್ಲಿ ಫೈರ್‌ಪ್ಲೇಸ್ ಸರಿಯಿದೆ ಎಂದೇ ಬರೆದಿತ್ತು. ಆಮೇಲೆ ಕ್ಯಾಮೆರಾ ಇಳಿಸಿದಾಗ ಮೇಲಿನ ಎರಡು ಮಣ್ಣಿನ ಕೊಳವೆಗಳು ಸೀಳಿದ್ದವು. ಅವನ್ನು ಸರಿಪಡಿಸುವವರೆಗೆ ನಾವು ಒಂದು ಕಡ್ಡಿಯನ್ನೂ ಉರಿಸಲಿಲ್ಲ.

ಕರೆಯುವಾಗ ಅಮೆರಿಕದ ಚಿಮಣಿ ಸುರಕ್ಷತಾ ಸಂಸ್ಥೆ ಸಿಎಸ್‌ಐಎಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಗ್ಯಾಸ್ ಒಲೆಗೆ ಎನ್‌ಎಫ್‌ಐ (ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್) ಪ್ರಮಾಣಪತ್ರ ಇದ್ದವರು ಸಿಕ್ಕರೆ ಒಳ್ಳೆಯದು. ಗಾಬರಿ ಹುಟ್ಟಿಸಿ ಆ ಕ್ಷಣವೇ ಸಾವಿರಾರು ಡಾಲರ್ ಕೆಲಸ ಒಪ್ಪಿಸಲು ನೋಡಿದರೆ ಫೋಟೋ ಕೇಳಿ, ಇನ್ನೊಬ್ಬರಿಗೂ ತೋರಿಸಿ.

ನೀವೇ ನೋಡಬಹುದಾದದ್ದು

ಬೂದಿ ಪೂರ್ತಿ ತಣ್ಣಗಿರುವಾಗ, ಹಗಲಿನಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೂರಿ. ಒಲೆಯ ಮೇಲ್ಭಾಗದಲ್ಲಿ ಡ್ಯಾಂಪರ್ ಎಂಬ ಲೋಹದ ಬಾಗಿಲು ಇದೆ. ಅದನ್ನು ಪೂರ್ತಿ ತೆರೆದು ಮುಚ್ಚಿ ನೋಡಿ. ಸಲೀಸಾಗಿ ಆಡಬೇಕು. ಆಮೇಲೆ ತೆರೆದಿಟ್ಟು ಟಾರ್ಚ್ ಬಿಡಿ.

ಕೊಳವೆಯ ಗೋಡೆಗೆ ಅಂಟಿರುವ ಕರಿಯನ್ನು ಕ್ರಿಯೋಸೋಟ್ ಎನ್ನುತ್ತಾರೆ. ಅದು ನಮ್ಮ ಇಲ್ಲಣದ ಅಣ್ಣ. ಸೌದೆ ಪೂರ್ತಿ ಉರಿಯದಾಗ ಹೊಗೆಯಲ್ಲಿ ಉಳಿದ ಎಣ್ಣೆ, ಟಾರು, ನೀರಾವಿ ತಣ್ಣನೆಯ ಕೊಳವೆಗೆ ತಾಗಿ ಅಲ್ಲೇ ಕೂರುತ್ತವೆ. ಮೊದಲು ಪುಡಿಯಾಗಿ ಇರುತ್ತದೆ, ಬ್ರಷ್‌ಗೆ ಉದುರುತ್ತದೆ. ಆಮೇಲೆ ಗರಿಗರಿ ಹೊಪ್ಪಳೆಯಾಗುತ್ತದೆ. ಕೊನೆಗೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಹೊಳೆಯುವ ಗಾಜಿನಂಥ ಪದರವಾಗುತ್ತದೆ. ಅದಕ್ಕೆ ಬ್ರಷ್ ಹಿಡಿಯುವುದೇ ಇಲ್ಲ, ಕೆಲಸ ಬಲ್ಲವರೇ ತೆಗೆಯಬೇಕು.

ಕೆಂಡ ಕೆದಕುವ ಕಬ್ಬಿಣದ ಕೋಲಿನಿಂದ ಡ್ಯಾಂಪರ್ ಮೇಲಿನ ಗೋಡೆಯನ್ನು ಗೀರಿ. ಗೀರು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ಆಳ ಇದ್ದರೆ ಗುಡಿಸುವ ತನಕ ಬೆಂಕಿ ಹಚ್ಚಬೇಡಿ. ಹೊಳೆಯುವ ಪದರ ಕಂಡರೆ ಅಳತೆಯೇ ಬೇಡ, ಆಗಲೂ ಹಚ್ಚಬಾರದು. ಈ ಕರಿ ಹೊತ್ತಿಕೊಂಡರೆ ಚಿಮಣಿಯೊಳಗೆ ಬಿಸಿ 2000 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1100 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಮಣ್ಣಿನ ಕೊಳವೆ ಬಿರಿದು, ಪಕ್ಕದ ಮರದ ತೊಲೆಗೆ ಬೆಂಕಿ ದಾಟುತ್ತದೆ. ಅಂಗಡಿಯಲ್ಲಿ 'ಚಿಮಣಿ ಶುದ್ಧ ಮಾಡುವ ಕೊರಡು' ಸಿಗುತ್ತದೆ. ಅದು ಕರಿಯನ್ನು ಸ್ವಲ್ಪ ಸಡಿಲ ಮಾಡಬಹುದು, ಗುಡಿಸುವ ಕೆಲಸಕ್ಕೆ ಬದಲಿ ಅಲ್ಲ.

ಇನ್ನು ಹೊರಗೆ. ಛಾವಣಿ ಹತ್ತಬೇಡಿ, ನೆಲದ ಮೇಲಿಂದಲೇ ಬೈನಾಕ್ಯುಲರ್‌ನಲ್ಲಿ ನೋಡಿ. ಚಿಮಣಿಯ ಟೋಪಿ ಮತ್ತು ಜಾಲರಿ ಇವೆಯೇ? ಇಟ್ಟಿಗೆ ಉದುರಿದೆಯೇ? ಸಂದಿಯ ಗಾರೆ ಸವೆದಿದೆಯೇ? ಮಳೆನೀರು ಇಟ್ಟಿಗೆಯೊಳಗೆ ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಸೀಳುತ್ತದೆ. ಊರಿನಲ್ಲಿ ನಾವು ಕಾಣದ ತೊಂದರೆ ಇದು. ಎತ್ತರಕ್ಕೂ ಲೆಕ್ಕ ಇದೆ. ಛಾವಣಿ ದಾಟುವ ಜಾಗದಿಂದ ಚಿಮಣಿ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿನ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು. ಕಡಿಮೆ ಇದ್ದರೆ ಗಾಳಿ ಬೀಸಿದಾಗ ಹೊಗೆ ಕೆಳಗೆ ನೂಕಿ ಬರುತ್ತದೆ.

ಸೌದೆ

ಈ ವಿಷಯದಲ್ಲಿ ಊರಿನ ಬುದ್ಧಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಒಡೆದು, ಮಳೆಗಾಲಕ್ಕೆ ಕೊಟ್ಟಿಗೆಯಲ್ಲಿ ಒಟ್ಟಿದ ಸೌದೆ ಹೇಗೆ ಉರಿಯುತ್ತಿತ್ತು, ನೆನಪಿದೆಯಾ? ಹಸಿ ಸೌದೆ ಹಾಕಿದರೆ ಅದರ ಬಿಸಿಯೆಲ್ಲ ಒಳಗಿನ ನೀರು ಕುದಿಸುವುದಕ್ಕೇ ಹೋಗುತ್ತದೆ. ಮಿಕ್ಕಿದ್ದು ಹೊಗೆ, ಆ ಹೊಗೆಯೇ ಕ್ರಿಯೋಸೋಟ್.

ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಇದನ್ನು ಅಳೆಯುವ ಚಿಕ್ಕ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೊರಮೈಗೆ ಚುಚ್ಚಿದರೆ ಪ್ರಯೋಜನ ಇಲ್ಲ. ಒಂದು ತುಂಡನ್ನು ಸೀಳಿ, ಹೊಸದಾಗಿ ಸೀಳಿದ ಮುಖಕ್ಕೆ ಚುಚ್ಚಿ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು 'ಟಣ್' ಎನ್ನುತ್ತದೆ, ಹಸಿಯದ್ದು 'ದಬ್' ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ಕೈಗೆ ಹಗುರ ಅನ್ನಿಸಬೇಕು. ಸಾಮಾನ್ಯ ಮರಗಳಿಗೆ ಆರು ತಿಂಗಳಿಂದ ವರ್ಷ ಸಾಕು. ಓಕ್ ಮರಕ್ಕೆ ಎರಡು ವರ್ಷವೂ ಬೇಕಾಗಬಹುದು.

ಕೊಳ್ಳುವಾಗ ಅಳತೆ ಗೊತ್ತಿರಲಿ. ಒಂದು ಕಾರ್ಡ್ ಎಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ ಒಟ್ಟಿದ ರಾಶಿ, 128 ಘನ ಅಡಿ. 'ಫೇಸ್ ಕಾರ್ಡ್' ಎಂದು ಮಾರುವುದು 16 ಇಂಚಿನ ತುಂಡುಗಳ ಒಂದೇ ಸಾಲು, ಅಂದರೆ ಅದರ ಮೂರನೇ ಒಂದು ಭಾಗ ಮಾತ್ರ.

ಸೌದೆಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಿ. ಮೇಲೆ ಮಾತ್ರ ಮುಚ್ಚಿ, ಬದಿಗಳಲ್ಲಿ ಗಾಳಿ ಆಡಲಿ. ಮನೆಯ ಗೋಡೆಗೆ ಆನಿಸಿ ಇಡಬೇಡಿ, ಗೆದ್ದಲು ಬರುತ್ತದೆ. ದೂರದ ಊರಿನಿಂದ ಸೌದೆ ತರಲೂಬೇಡಿ. 2002ರಲ್ಲಿ ಇದೇ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಬಳಿ, ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಹುಳ ಪತ್ತೆಯಾಯಿತು. ಆಮೇಲೆ ಅದು ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿತು. ಅದು ಊರೂರಿಗೆ ಹರಡಿದ್ದು ಸೌದೆಯ ಜೊತೆ. ನಮ್ಮ ಬೀದಿಯ ಎರಡೂ ಬದಿಯ ಆಶ್ ಮರಗಳು ಹೋಗಿವೆ. ಅವುಗಳ ಬುಡ ನೋಡಿದಾಗ ಈಗಲೂ ಬೇಸರವಾಗುತ್ತದೆ.

ಬಣ್ಣ ಹಚ್ಚಿದ ಮರ, ಪ್ಲೈವುಡ್, ಡೆಕ್ ಕಟ್ಟುವ ರಾಸಾಯನಿಕ ಲೇಪಿತ ಮರ, ಪ್ಲಾಸ್ಟಿಕ್ ಯಾವುದನ್ನೂ ಹಾಕಬಾರದು. ದೀಪಾವಳಿಯ ಗಿಫ್ಟ್ ಕಾಗದ, ಪಾರ್ಸೆಲ್ ಡಬ್ಬಿಗಳೂ ಬೇಡ. ಅವು ಭಗ್ಗನೆ ಉರಿದು ಚಿಮಣಿಯ ಕರಿಗೆ ಕಿಡಿ ತಾಗಿಸುತ್ತವೆ.

ಹಚ್ಚುವ ಕ್ರಮ

ಡ್ಯಾಂಪರ್ ಪೂರ್ತಿ ತೆರೆಯಿರಿ. ಎಕ್ಸಾಸ್ಟ್ ಫ್ಯಾನ್, ಬಟ್ಟೆ ಒಣಗಿಸುವ ಯಂತ್ರ ಆರಿಸಿ. ಅದೇ ಕೋಣೆಯ ಒಂದು ಕಿಟಕಿಯನ್ನು ಒಂದು ಇಂಚು ತೆಗೆಯಿರಿ. ಬೆಂಕಿ ಉರಿಯುವಷ್ಟು ಹೊತ್ತೂ ಅಡುಗೆಮನೆಯ ಜೋರು ಒಗ್ಗರಣೆ ಬೇಡ ಎಂದು ಮನೆಯವರಿಗೆಲ್ಲ ಹೇಳಿ. ನಮ್ಮಲ್ಲಿ ಈಗ ಅಡುಗೆ ಮುಗಿದ ಮೇಲೇ ಬೆಂಕಿ.

ಒಂದು ಉದ್ದ ಬೆಂಕಿಕಡ್ಡಿ ಗೀರಿ, ನಂದಿಸಿ, ಅದರ ಹೊಗೆ ಎತ್ತ ಹೋಗುತ್ತದೆ ನೋಡಿ. ಕೋಣೆಯತ್ತ ಬಂದರೆ ಚಿಮಣಿಯಲ್ಲಿ ತಣ್ಣನೆ ಗಾಳಿ ಭಾರವಾಗಿ ಕೂತಿದೆ ಎಂದು ಅರ್ಥ. ದಿನಪತ್ರಿಕೆಯ ಒಂದು ಹಾಳೆ ಸುರುಳಿ ಸುತ್ತಿ ಹಚ್ಚಿ, ಡ್ಯಾಂಪರ್ ಬಾಯಿಯ ಹತ್ತಿರ ಒಂದು ನಿಮಿಷ ಹಿಡಿಯಿರಿ. ಕೊಳವೆ ಬೆಚ್ಚಗಾಗಿ ಗಾಳಿ ಮೇಲಕ್ಕೆ ಎಳೆಯತೊಡಗುತ್ತದೆ. ಗಾಳಿ ಮೇಲೆ ಹೋಗುವುದು ಖಾತ್ರಿ ಆಗುವ ತನಕ ಸೌದೆಗೆ ಬೆಂಕಿ ಇಡಬೇಡಿ.

ಜೋಡಿಸುವುದು ಊರಿನ ಕ್ರಮಕ್ಕೆ ಉಲ್ಟಾ. ನಾವು ಪುಳ್ಳೆ ಕೆಳಗಿಟ್ಟು, ದಪ್ಪ ಸೌದೆ ಮೇಲಿಟ್ಟು, ಊದುಗೊಳವೆಯಲ್ಲಿ ಊದುತ್ತಿದ್ದೆವು. ಇಲ್ಲಿ ದಪ್ಪ ಕೊರಡು ಕೆಳಗೆ, ಅದರ ಮೇಲೆ ಸಣ್ಣವು, ಅದರ ಮೇಲೆ ಪುಳ್ಳೆ, ತುದಿಯಲ್ಲಿ ಕಾಗದ. ಮೇಲಿಂದ ಹಚ್ಚಿ. ಬೆಂಕಿ ಮೆಲ್ಲಗೆ ಕೆಳಗಿಳಿಯುತ್ತದೆ, ಚಿಮಣಿ ಮೊದಲೇ ಕಾಯುತ್ತದೆ, ಹೊಗೆ ತುಂಬ ಕಡಿಮೆ. ನಾನು ಎರಡೂ ಮಾಡಿ ನೋಡಿದ್ದೇನೆ, ಇದೇ ಮೇಲು.

ಎರಡು ಹಳೆಯ ಅಭ್ಯಾಸ ಬಿಡಲೇಬೇಕು. ಒಂದು, ಸೀಮೆಎಣ್ಣೆ ಸುರಿದು ಹಚ್ಚುವುದು. ಇನ್ನೊಂದು, ಇದ್ದಿಲಿಗಾಗಿ ಕೆಂಡಕ್ಕೆ ನೀರು ಚಿಮುಕಿಸಿ ಆರಿಸುವುದು. ಕಾದ ಇಟ್ಟಿಗೆಗೆ ನೀರು ಬಿದ್ದರೆ ಬಿರುಕು ಬಿಡುತ್ತದೆ, ಬಿಸಿ ಆವಿ ಮತ್ತು ಬೂದಿ ಮುಖಕ್ಕೆ ಹಾರುತ್ತದೆ. ಕೆಂಡಗಳನ್ನು ಹರಡಿ, ತಾವಾಗಿಯೇ ಆರಲು ಬಿಡಿ. ಕಿಡಿ ತಡೆಯುವ ಜಾಲರಿ ಮುಚ್ಚಿರಲಿ. ಸೋಫಾ, ಕಾರ್ಪೆಟ್, ಹಬ್ಬದ ತೋರಣ ಎಲ್ಲವೂ 3 ಅಡಿ ದೂರ ಇರಲಿ. ಮಕ್ಕಳಿಗೂ ಅದೇ ಗೆರೆ.

ಬೂದಿ

ಬೂದಿ ತಣ್ಣಗಾಗಿದೆ ಎಂದು ಕಣ್ಣು ಹೇಳುತ್ತದೆ, ಒಳಗೆ ಕೆಂಡ ಮೂರು-ನಾಲ್ಕು ದಿನ ಜೀವ ಹಿಡಿದಿರುತ್ತದೆ. ಅದಕ್ಕೇ ಡ್ಯಾಂಪರನ್ನು ಅವಸರದಲ್ಲಿ ಮುಚ್ಚಬಾರದು. ಬೆಚ್ಚನೆ ಗಾಳಿ ಹೋಗುತ್ತದೆ ಎಂದು ರಾತ್ರಿ ಮುಚ್ಚಿ ಮಲಗಿದರೆ ಕೆಂಡದ ವಿಷಗಾಳಿ ಕೋಣೆಗೆ ಬರುತ್ತದೆ. ಬೂದಿ ಪೂರ್ತಿ ಆರಿದ ಮೇಲೆ ಮಾತ್ರ ಮುಚ್ಚಿ. ಆದರೆ ಆಗ ಮರೆಯದೆ ಮುಚ್ಚಿ, ಇಲ್ಲದಿದ್ದರೆ ಹೀಟರಿನ ಬಿಸಿಯೆಲ್ಲ ಆಕಾಶಕ್ಕೆ.

ಲೋಹದ ಬಕೆಟ್, ಲೋಹದ ಬಿಗಿ ಮುಚ್ಚಳ, ಮನೆಯಿಂದ 10 ಅಡಿ ದೂರ. ಕಾಗದದ ಚೀಲ, ಪ್ಲಾಸ್ಟಿಕ್ ಡಬ್ಬ, ಗರಾಜು, ಮರದ ಡೆಕ್ ಯಾವುದೂ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ. ಚಳಿಗಾಲದ ನಡುವೆ ಒಂದು ಇಂಚು ಬೂದಿ ತಳದಲ್ಲಿ ಬಿಟ್ಟರೆ ಮುಂದಿನ ಬೆಂಕಿ ಬೇಗ ಹಿಡಿಯುತ್ತದೆ.

ಸೌದೆ ಒಲೆಗೆ ಗಾಜಿನ ಬಾಗಿಲು ಇದ್ದರೆ ಈ ಬೂದಿಯೇ ಅದಕ್ಕೆ ಮದ್ದು. ಒದ್ದೆ ಕಾಗದವನ್ನು ನಯವಾದ ಬೂದಿಯಲ್ಲಿ ಅದ್ದಿ, ತಣ್ಣಗಿರುವ ಗಾಜನ್ನು ಉಜ್ಜಿ. ಅಮ್ಮಂದಿರು ಪಾತ್ರೆ ಬೆಳಗುತ್ತಿದ್ದ ಬೂದಿ ಅಲ್ವಾ, ಕರಿ ಹಾಗೇ ಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಒಡೆಯುತ್ತದೆ. ಗ್ಯಾಸ್ ಒಲೆಯ ಗಾಜಿಗೆ ಮಾತ್ರ ಇದು ಬೇಡ.

ಗ್ಯಾಸ್ ಒಲೆ

ಬೂದಿ ಇಲ್ಲ, ಮಸಿ ಇಲ್ಲ, ಹಾಗಾಗಿ ಕೆಲಸವೂ ಇಲ್ಲ ಎಂದುಕೊಳ್ಳುವವರು ಜಾಸ್ತಿ. ಇದಕ್ಕೂ ವರ್ಷಕ್ಕೊಮ್ಮೆ ತಂತ್ರಜ್ಞರು ಬೇಕು. ಬೇಸಿಗೆಯಲ್ಲಿ ಜೇಡ ಬರ್ನರಿನ ಕೊಳವೆಯೊಳಗೆ ಬಲೆ ಕಟ್ಟುತ್ತದೆ. ಆಗ ಗಾಳಿ ಸರಿಯಾಗಿ ಬೆರೆಯದೆ ಜ್ವಾಲೆ ಕೆಡುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ. ತಂತ್ರಜ್ಞರು ಬರ್ನರ್, ಪೈಲಟ್ (ಬರ್ನರ್ ಹೊತ್ತಿಸುವ ಸಣ್ಣ ಜ್ವಾಲೆ), ಗಾಜಿನ ಸುತ್ತಲ ಗ್ಯಾಸ್ಕೆಟ್, ಹೊರಗಿನ ಕೊಳವೆ ಎಲ್ಲ ನೋಡಿ, ಗ್ಯಾಸ್ ಸೋರಿಕೆ ಪರೀಕ್ಷಿಸುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ಒಲೆ ಆರಿಸಿ ಪೂರ್ತಿ ತಣ್ಣಗಾದ ಮೇಲೆ ಗಾಜಿನ ಮೇಲಿನ ಬಿಳಿ ಪೊರೆಯನ್ನು ಒರೆಸಿ. ಗ್ಯಾಸ್ ಫೈರ್‌ಪ್ಲೇಸ್ ಗಾಜಿಗೆಂದೇ ಕ್ಲೀನರ್ ಸಿಗುತ್ತದೆ. ಕಿಟಕಿ ಒರೆಸುವ ಅಮೋನಿಯಾ ದ್ರವ ಹಾಕಿದರೆ ಆ ಪೊರೆ ಗಾಜಿನಲ್ಲೇ ಕೂತುಬಿಡುತ್ತದೆ. ಸೆರಾಮಿಕ್ ಕೊರಡುಗಳ ಧೂಳನ್ನು ಮೃದು ಬ್ರಷ್‌ನಿಂದ ತೆಗೆಯಿರಿ. ಆದರೆ ಅವನ್ನು ಅಂದಕ್ಕಾಗಿ ಅತ್ತಿತ್ತ ಸರಿಸಬೇಡಿ. ಪ್ರತಿ ಕೊರಡಿಗೂ ಕೈಪಿಡಿಯಲ್ಲಿ ಗೊತ್ತಾದ ಜಾಗ ಇದೆ. ಜ್ವಾಲೆ ಕೊರಡಿಗೆ ಬಡಿದರೆ ಮಸಿ ಏಳುತ್ತದೆ. ಇದರೊಳಗೆ ಕಾಗದ, ಕಟ್ಟಿಗೆ, ಕರ್ಪೂರ ಯಾವುದನ್ನೂ ಉರಿಸಬಾರದು. ಗೃಹಪ್ರವೇಶದ ಹೋಮಕ್ಕೆ ಬೇರೆ ಕುಂಡ ಇಡಿ.

ಹಳೆಯ ಚಿಮಣಿಯೊಳಗೆ ಗ್ಯಾಸ್ ಕೊರಡು ಕೂರಿಸಿದ್ದರೆ ಡ್ಯಾಂಪರ್ ಪೂರ್ತಿ ಮುಚ್ಚದಂತೆ ಒಂದು ಲೋಹದ ಕ್ಲಿಪ್ ಹಾಕಿರುತ್ತಾರೆ. ಬೆಚ್ಚನೆ ಗಾಳಿ ಉಳಿಸಲು ಅದನ್ನು ತೆಗೆಯಬೇಡಿ. ಡೈರೆಕ್ಟ್ ವೆಂಟ್ ಇದ್ದರೆ ಹಿಮ ಬಿದ್ದಾಗಲೆಲ್ಲ ಹೊರಗೆ ಹೋಗಿ ಕೊಳವೆಯ ಬಾಯಿ ನೋಡಿ. ಹಿಮ ಮುಚ್ಚಿಕೊಂಡಿದ್ದರೆ ಬಿಡಿಸುವ ತನಕ ಹಚ್ಚಬೇಡಿ.

ಈ ಗಾಜು ಭಯಂಕರ ಕಾಯುತ್ತದೆ, 500 ಡಿಗ್ರಿ ಫ್ಯಾರನ್‌ಹೀಟ್ ದಾಟಬಹುದು. ಆರಿಸಿದ ಮೇಲೂ ತುಂಬ ಹೊತ್ತು ಬಿಸಿ ಇರುತ್ತದೆ. 2015ರಿಂದ ಇಂಥ ಒಲೆಗಳಿಗೆ ರಕ್ಷಣಾ ಜಾಲರಿ ಜೊತೆಗೇ ಬರುತ್ತದೆ. ಹಳೆಯ ಒಲೆಯಾಗಿದ್ದು ಮನೆಯಲ್ಲಿ ತೆವಳುವ ಮಗು ಇದ್ದರೆ ದಯವಿಟ್ಟು ಜಾಲರಿ ಕೊಂಡು ಹಾಕಿಸಿ.

ಸದಾ ಉರಿಯುವ ಪೈಲಟ್ ಇರುವ ಒಲೆಯನ್ನು ಬೇಸಿಗೆಯ ನಂತರ ಹಚ್ಚುವ ಕ್ರಮ ಹೀಗೆ. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದರಂತೆಯೇ ಮಾಡಿ.

1. ಗುಂಡಿಯನ್ನು 'ಆಫ್'ಗೆ ತಿರುಗಿಸಿ 5 ನಿಮಿಷ ಕಾಯಿರಿ. ನೆಲದ ಹತ್ತಿರವೂ ಬಗ್ಗಿ ಮೂಸಿ ನೋಡಿ. ಕೆಲವು ಮನೆಗಳಲ್ಲಿ ಬಳಸುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ.
2. ವಾಸನೆ ಇಲ್ಲದಿದ್ದರೆ 'ಪೈಲಟ್'ಗೆ ತಿರುಗಿಸಿ, ಒತ್ತಿ ಹಿಡಿಯಿರಿ. ಕೈಯಿಂದ ಮಾತ್ರ. ಇಕ್ಕಳ ಹಾಕಿ ತಿರುಗಿಸಬೇಡಿ.
3. ಒತ್ತಿಕೊಂಡೇ ಕಿಡಿಯ ಗುಂಡಿ ಅದುಮಿ. ಕೊಳವೆಯಲ್ಲಿ ಗಾಳಿ ಇದ್ದರೆ ಹತ್ತಲು ತಡವಾಗಬಹುದು.
4. ಹತ್ತಿದ ಮೇಲೆ 30ರಿಂದ 60 ಸೆಕೆಂಡ್ ಹಿಡಿದಿದ್ದು ಬಿಡಿ. ನಿಂತು ಉರಿದರೆ 'ಆನ್' ಮಾಡಿ.

ಕೈ ಬಿಟ್ಟೊಡನೆ ಮತ್ತೆ ಮತ್ತೆ ಆರಿದರೆ ಬಹಳ ಸಲ ತಪ್ಪು ಥರ್ಮೋಕಪಲ್‌ನದು. ಅದು ಪೈಲಟ್ ಜ್ವಾಲೆಯ ಬಿಸಿಯಿಂದ ಸ್ವಲ್ಪ ವಿದ್ಯುತ್ ಹುಟ್ಟಿಸಿ, ಗ್ಯಾಸಿನ ಬಾಗಿಲನ್ನು ತೆರೆದು ಹಿಡಿಯುವ ಸಣ್ಣ ಕಡ್ಡಿ. ಅದನ್ನು ತಂತ್ರಜ್ಞರಿಗೆ ಬಿಡಿ. ಪೈಲಟ್ ಜ್ವಾಲೆ ನೀಲಿಯಾಗಿ, ಆ ಕಡ್ಡಿಯ ತುದಿಯನ್ನು ತಬ್ಬಿರಬೇಕು.

ಹೊಸ ಒಲೆಗಳಲ್ಲಿ ಪೈಲಟ್ ಬೇಕಾದಾಗ ಮಾತ್ರ ವಿದ್ಯುತ್ ಕಿಡಿಯಿಂದ ಹತ್ತುತ್ತದೆ. ಇಂಥದ್ದರಲ್ಲಿ ಬ್ಯಾಟರಿ ಇಡುವ ಜಾಗ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಹಿಮಗಾಳಿಗೆ ಕರೆಂಟ್ ಹೋದ ರಾತ್ರಿ ಮನೆ ಬೆಚ್ಚಗಿಡಲು ಅದೇ ಗತಿ.

ಅಪಾಯದ ಹೊತ್ತಿನಲ್ಲಿ

ಬೆಂಕಿಯಿಂದ ಹುಟ್ಟುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹೊರಗೂ ಅದರ ಅಲಾರಂ ಇರಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಹಿಂಬದಿಯ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಬದಲಿಸಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಹಗುರಾದರೆ ಅದು ಫ್ಲೂ ಎಂದು ಸುಮ್ನೆ ಮಲಗಬೇಡಿ. ಎಲ್ಲರೂ ಹೊರಗೆ ಹೋಗಿ 911ಕ್ಕೆ ಫೋನ್ ಮಾಡಿ. ಊರಿನಿಂದ ಬಂದ ಅಪ್ಪ ಅಮ್ಮ ಇದ್ದರೆ ಆ ಅಲಾರಂ ಸದ್ದನ್ನು ಒಮ್ಮೆ ಕೇಳಿಸಿ, ಏನು ಮಾಡಬೇಕೆಂದು ಹೇಳಿಕೊಡಿ. ಹಗಲೆಲ್ಲ ಮನೆಯಲ್ಲಿ ಇರುವವರು ಅವರೇ.

ಗ್ಯಾಸಿಗೆ ಕೊಳೆತ ಮೊಟ್ಟೆಯ ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸಾಬೂನು ನೀರು ಹಚ್ಚಿ ಸೋರಿಕೆ ಹುಡುಕುತ್ತ ಕೂರಬೇಡಿ. ಸ್ವಿಚ್ ಮುಟ್ಟಬೇಡಿ, ಒಳಗಿಂದ ಫೋನ್ ಕೂಡ ಮಾಡಬೇಡಿ. ಹೊರಗೆ ಹೋಗಿ, ದೂರ ನಿಂತು ಗ್ಯಾಸ್ ಕಂಪನಿಗೋ 911ಕ್ಕೋ ಕರೆ ಮಾಡಿ.

ಚಿಮಣಿಗೆ ಬೆಂಕಿ ಹತ್ತಿದರೆ ರೈಲು ಹಾದುಹೋದಂಥ ಗುಡುಗು ಸದ್ದು ಕೇಳಬಹುದು, ಮೇಲೆ ಕಿಡಿ ಹಾರಬಹುದು. ಎಲ್ಲರನ್ನೂ ಹೊರಗೆ ಕಳಿಸಿ, 911. ಗಾಜಿನ ಬಾಗಿಲಿದ್ದು ಮುಚ್ಚಲು ಆದರೆ ಮುಚ್ಚಿ, ಇಲ್ಲದಿದ್ದರೆ ಬಿಟ್ಟು ಹೊರಡಿ. ಕೆಲವು ಸಲ ಸದ್ದೇ ಇಲ್ಲದೆ ನಿಧಾನ ಉರಿದು ಆರಿರುತ್ತದೆ, ತಪಾಸಣೆಯಲ್ಲಷ್ಟೇ ಗೊತ್ತಾಗುತ್ತದೆ. ಎರಡನೇ ಹಂತದ ತಪಾಸಣೆ ಆಗುವವರೆಗೆ ಆ ಒಲೆಯನ್ನು ಮುಟ್ಟಬೇಡಿ.

ಚಳಿ ಮುಗಿದ ಮೇಲೆ

ಏಪ್ರಿಲ್‌ನಲ್ಲಿ ಬೂದಿಯನ್ನೆಲ್ಲ ತೆಗೆಯಿರಿ. ಬೇಸಿಗೆಯ ತೇವಕ್ಕೆ ಅದು ನಾರುತ್ತದೆ, ಲೋಹವನ್ನೂ ತಿನ್ನುತ್ತದೆ. ಪೈಲಟ್ ಆರಿಸುವುದಾದರೆ ಕೈಪಿಡಿಯಂತೆ ಆರಿಸಿ. ಚಿಮಣಿಯ ಜಾಲರಿ ಹರಿದಿದ್ದರೆ ಆಗಲೇ ಹಾಕಿಸಿಬಿಡಿ. ಚಿಮಣಿ ಸ್ವಿಫ್ಟ್ ಎಂಬ ಪುಟ್ಟ ಹಕ್ಕಿ ದಕ್ಷಿಣ ಅಮೆರಿಕದಿಂದ ವಸಂತದಲ್ಲಿ ಬಂದು ಇಂಥ ಕೊಳವೆಯೊಳಗೆ ಗೂಡು ಕಟ್ಟುತ್ತದೆ. ವಲಸೆ ಹಕ್ಕಿಗಳ 1918ರ ಕಾಯ್ದೆಯಂತೆ ಮೊಟ್ಟೆ-ಮರಿ ಇರುವ ಗೂಡನ್ನು ಪರವಾನಗಿ ಇಲ್ಲದೆ ಯಾರೂ ತೆಗೆಯುವಂತಿಲ್ಲ. ಒಮ್ಮೆ ಗೂಡು ಕಟ್ಟಿತೆಂದರೆ ಮರಿ ಹಾರುವ ತನಕ ಡ್ಯಾಂಪರ್ ಮುಚ್ಚಿ, ಅವುಗಳ ಚಿಲಿಪಿಲಿ ಕೇಳಿಕೊಂಡಿರಿ. ಶರತ್ಕಾಲದಲ್ಲಿ ಅವು ಹೊರಟ ಮೇಲೆ, ಗುಡಿಸುವವರು ಬಂದಾಗ, ಗೂಡು ತೆಗೆಸಿ ಜಾಲರಿ ಹಾಕಿಸಿ.